ಚಳಿಯ ಬೆಳಗ್ಗೆ ಮಿನಿ ಟ್ರ್ಯಾಕ್ಟರ್ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಹೊಗೆ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಡಿಸೆಂಬರ್ ಬಂದರೆ ಸಾಕು, 18ರಿಂದ 30 ಎಚ್‌ಪಿ ಒಳಗಿನ ಮಿನಿ ಟ್ರ್ಯಾಕ್ಟರ್ ಇಟ್ಟುಕೊಂಡವರದ್ದು ಒಂದೇ ದೂರು. ಮಧ್ಯಾಹ್ನ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗುವ ಗಾಡಿ, ಬೆಳಗ್ಗೆ ಆರೂವರೆಗೆ ಎಷ್ಟು ಸೆಲ್ಫ್ ಹೊಡೆದರೂ ಏಳುವುದಿಲ್ಲ. ಪಕ್ಕದಲ್ಲಿ ನಿಂತವರು ಯಾರಾದರೂ "ಚಳಿಗೆ ಡೀಸೆಲ್ ಗಟ್ಟಿ ಆಗಿದೆ" ಅಂತಾರೆ. ಇನ್ನೊಬ್ಬರು "ಬ್ಯಾಟರಿ ಹೊಸದು ಹಾಕ್ಸಿ" ಅಂತಾರೆ. ಮೂರನೆಯವರು ಪೆಟ್ರೋಲ್ ಬಟ್ಟೆ ತರಲು ಹೋಗಿರುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಚಳಿ ಟ್ರ್ಯಾಕ್ಟರನ್ನು ಕೆಡಿಸುವಷ್ಟು ದೊಡ್ಡದಲ್ಲ. ಕೊಡಗು, ಚಿಕ್ಕಮಗಳೂರು ಕಡೆ ಬೆಳಗಿನ ಹೊತ್ತು 10ರಿಂದ 14 ಡಿಗ್ರಿ ಇರುತ್ತದೆ. ಬೀದರ್, ವಿಜಯಪುರದಲ್ಲಿ ಕೆಲವು ದಿನ 10ಕ್ಕಿಂತ ಕೆಳಗೂ ಇಳಿಯುತ್ತದೆ. ಚೆನ್ನಾಗಿರುವ ಡೀಸೆಲ್ ಎಂಜಿನ್‌ಗೆ ಇದೇನೂ ಅಲ್ಲ. ಹಾಗಿದ್ದೂ ಸ್ಟಾರ್ಟ್ ಆಗದಿದ್ದರೆ ದೋಷ ಮೊದಲೇ ಇತ್ತು, ಬಿಸಿಲಿನಲ್ಲಿ ಅದು ಗೊತ್ತಾಗುತ್ತಿರಲಿಲ್ಲ ಅಷ್ಟೆ. ಹಾಗಾಗಿ ಚಳಿಗೆ ಮದ್ದು ಹುಡುಕುವ ಬದಲು ಆ ದೋಷವನ್ನು ಹುಡುಕಬೇಕು. ಹುಡುಕಲು ಎರಡು ಪ್ರಶ್ನೆ ಸಾಕು. ಸೆಲ್ಫ್ ಯಾವ ವೇಗದಲ್ಲಿ ತಿರುಗುತ್ತಿದೆ? ತಿರುಗುವಾಗ ಸೈಲೆನ್ಸರ್‌ನಿಂದ ಯಾವ ಬಣ್ಣದ ಹೊಗೆ ಬರುತ್ತಿದೆ?

ಮಧ್ಯಾಹ್ನವೂ ಹೀಗೇ ಕಾಡುತ್ತಿದ್ದರೆ ಅದು ಚಳಿಯ ಸಮಸ್ಯೆಯೇ ಅಲ್ಲ. ಆಗ ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಒಳಗನ್ನು ಕರೆಂಟ್‌ನಿಂದ ಕಾಯಿಸುವ ಪುಟ್ಟ ಕಡ್ಡಿ) ಬಿಟ್ಟು ನೇರವಾಗಿ ಡೀಸೆಲ್ ಕಡೆಗೆ ಹೋಗಿ.

ಚಳಿ ಏನು ಮಾಡುತ್ತದೆ

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಪಿಸ್ಟನ್ ಗಾಳಿಯನ್ನು ಜೋರಾಗಿ ಒತ್ತುತ್ತದೆ, ಒತ್ತಿದ ಗಾಳಿ 500 ಡಿಗ್ರಿಗೂ ಮೇಲೆ ಕಾಯುತ್ತದೆ, ಅದರೊಳಗೆ ನಾಝಲ್ ಡೀಸೆಲ್ ಸಿಂಪಡಿಸುತ್ತದೆ, ಹೊತ್ತಿಕೊಳ್ಳುತ್ತದೆ. ಎಂಜಿನ್ ತಣ್ಣಗಿದ್ದರೆ ಈ ಕಾವನ್ನು ಸಿಲಿಂಡರ್ ಗೋಡೆಯೇ ಹೀರಿಕೊಳ್ಳುತ್ತದೆ. ಸೆಲ್ಫ್ ನಿಧಾನವಾಗಿ ತಿರುಗಿದರೆ ಹೀರಿಕೊಳ್ಳಲು ಇನ್ನೂ ಜಾಸ್ತಿ ಸಮಯ ಸಿಗುತ್ತದೆ. ಪಿಸ್ಟನ್ ಸುತ್ತಲಿನ ರಿಂಗ್ ಪಕ್ಕದಿಂದ ಗಾಳಿ ಸೋರಲೂ ಸಮಯ ಸಿಗುತ್ತದೆ. ಕಾವು ಸಾಲದೆ ಡೀಸೆಲ್ ಉರಿಯದೇ ಹಾಗೇ ಆವಿಯಾಗಿ ಹೊರಗೆ ಬರುತ್ತದೆ. ಅದೇ ಬಿಳಿ ಹೊಗೆ.

ಇದರ ಮೇಲೆ ಬ್ಯಾಟರಿಯೂ ಚಳಿಯಲ್ಲಿ ಸೋಮಾರಿಯಾಗುತ್ತದೆ. ಎಂಜಿನ್ ಆಯಿಲ್ ದಪ್ಪವಾಗಿ ಸೆಲ್ಫ್‌ಗೆ ಭಾರ ಹೆಚ್ಚುತ್ತದೆ. ಅಂದರೆ ಶಕ್ತಿ ಕಡಿಮೆಯಾದ ಹೊತ್ತಿಗೇ ಕೆಲಸ ಜಾಸ್ತಿಯಾಗುತ್ತದೆ. ಹೀಟರ್ ಪ್ಲಗ್‌ಗಳೂ ಅದೇ ಬ್ಯಾಟರಿಯಿಂದ ಕರೆಂಟ್ ಎಳೆಯುತ್ತವೆ ಅನ್ನುವುದನ್ನು ನೆನಪಿಡಿ.

ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಎರಡು ಜಾತಿ ಎಂಜಿನ್ ಇವೆ. ಜಪಾನ್ ಮೂಲದ ಮೂರು ಸಿಲಿಂಡರ್ ಎಂಜಿನ್‌ಗಳಲ್ಲಿ ಹೆಚ್ಚಿನವು ಪ್ರೀ-ಚೇಂಬರ್ ರೀತಿಯವು. ಡೀಸೆಲ್ ಮೊದಲು ಪಕ್ಕದ ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರ್‌ಗೆ ಬರುತ್ತದೆ. ಸದ್ದು ಕಡಿಮೆ, ಓಟ ನಯ. ಆದರೆ ಆ ಕೋಣೆಯ ಗೋಡೆ ಕಾವನ್ನು ಜಾಸ್ತಿ ತಿನ್ನುತ್ತದೆ. ಅದಕ್ಕೇ ಇವುಗಳಲ್ಲಿ ಕಂಪ್ರೆಷನ್ ಅನುಪಾತ, ಅಂದರೆ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ, 22ರ ಆಸುಪಾಸು ಇದ್ದರೂ ಹೀಟರ್ ಪ್ಲಗ್ ಬೇಕೇ ಬೇಕು. ಇನ್ನೊಂದು ಜಾತಿ ಡೈರೆಕ್ಟ್ ಇಂಜೆಕ್ಷನ್. ಬಾನೆಟ್ ಮೇಲೆ ಮಾಡೆಲ್ ಹೆಸರಿನ ಜೊತೆ 'ಡಿಐ' ಅಂತ ಇರುವುದು ಇದಕ್ಕೇ. ಇವುಗಳಲ್ಲಿ ಕಾವು ಅಷ್ಟು ಪೋಲಾಗುವುದಿಲ್ಲ. ಹಾಗಾಗಿ ಎಷ್ಟೋ ಮಾಡೆಲ್‌ಗಳಿಗೆ ಹೀಟರ್ ಪ್ಲಗ್ ಕೊಟ್ಟೇ ಇರುವುದಿಲ್ಲ. ನಿಮ್ಮದು ಯಾವುದು ಅಂತ ಮ್ಯಾನ್ಯುವಲ್ ನೋಡಿಕೊಳ್ಳಿ. ಇಲ್ಲದ ಪ್ಲಗ್ ಹುಡುಕುತ್ತಾ ಅರ್ಧ ದಿನ ಕಳೆಯುವವರೂ ಇದ್ದಾರೆ.

ಸೆಲ್ಫ್ ಮಿಸುಕುವುದೇ ಇಲ್ಲ

ಕೀ ತಿರುಗಿಸಿದರೆ ಏನೂ ಸದ್ದಿಲ್ಲ ಅಂದರೆ ಬ್ಯಾಟರಿಯನ್ನು ಬೈಯುವ ಮೊದಲು ಸೇಫ್ಟಿ ಸ್ವಿಚ್‌ಗಳನ್ನು ನೋಡಿ. ಕ್ಲಚ್ ಪೂರ್ತಿ ತುಳಿದಿದ್ದೀರಾ? ಪಿಟಿಒ (ರೋಟಾವೇಟರ್‌ನಂಥ ಉಪಕರಣ ತಿರುಗಿಸುವ ಹಿಂದಿನ ಶಾಫ್ಟ್) ಲಿವರ್ ನ್ಯೂಟ್ರಲ್‌ನಲ್ಲಿದೆಯಾ? ರಾತ್ರಿ ರೋಟಾವೇಟರ್ ನಿಲ್ಲಿಸಿದವರು ಲಿವರ್ ಅರ್ಧಕ್ಕೆ ಬಿಟ್ಟಿರುವುದು ತೀರಾ ಮಾಮೂಲು. ಹೈಡ್ರೋಸ್ಟ್ಯಾಟಿಕ್ ಗಾಡಿಯಾದರೆ, ಅಂದರೆ ಗೇರ್ ಬದಲು ಎಣ್ಣೆಯ ಒತ್ತಡದಿಂದ ಓಡುವಂಥದ್ದಾದರೆ, ಪೆಡಲ್ ನಡುವೆ ನಿಂತಿರಬೇಕು. ಕೆಲವದರಲ್ಲಿ ಸೀಟ್ ಮೇಲೆ ಕೂತಿದ್ದರೆ ಮಾತ್ರ ಸೆಲ್ಫ್ ಹೊಡೆಯುತ್ತದೆ. ಈ ಸ್ವಿಚ್‌ಗಳು ಪೆಡಲ್ ಬುಡದಲ್ಲಿ ಕೆಸರು ಹಾರುವ ಜಾಗದಲ್ಲೇ ಇರುತ್ತವೆ, ಒಳಗೆ ತುಕ್ಕು ಹಿಡಿಯುತ್ತದೆ. ಅವನ್ನು ನೇರ ಜೋಡಿಸಿ ಶಾಶ್ವತವಾಗಿ ತಪ್ಪಿಸುವ ಕೆಲಸ ಮಾತ್ರ ಬೇಡ. ಗೇರಿನಲ್ಲಿರುವ ಟ್ರ್ಯಾಕ್ಟರ್ ಸ್ಟಾರ್ಟ್ ಆಗಿ ಮುಂದೆ ನುಗ್ಗಿದರೆ ಮುಂದೆ ನಿಂತವರ ಗತಿ ಏನು, ಅಲ್ವಾ?

'ಟಿಕ್' ಅಂತ ಒಂದೇ ಸದ್ದು ಬಂದು ನಿಂತರೆ, ಅಥವಾ 'ಟಿಕ್‌ಟಿಕ್‌ಟಿಕ್' ಅಂತ ಹೊಡೆದುಕೊಂಡರೆ, ಕರೆಂಟ್ ಸಾಲುತ್ತಿಲ್ಲ ಅಂತ ಅರ್ಥ. ಅದರ ಪರೀಕ್ಷೆ ಮುಂದಿನ ಭಾಗದ್ದೇ.

ತಿರುಗುತ್ತದೆ, ಆದರೆ ನಿಧಾನ

ಚಳಿಯ ದೂರುಗಳಲ್ಲಿ ಜಾಸ್ತಿ ಸಿಗುವುದು ಇದು. ಇಲ್ಲಿ ಒಂದು ಮಲ್ಟಿಮೀಟರ್ ಇದ್ದರೆ ಊಹೆಯ ಅಗತ್ಯವೇ ಇಲ್ಲ. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಒಂದು ಬ್ಯಾಟರಿಯ ದುಡ್ಡು ಉಳಿಸುತ್ತದೆ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಗ್ಗೆ ಕೀ ಮುಟ್ಟುವ ಮೊದಲೇ ಅಳೆಯಿರಿ. 12.6 ವೋಲ್ಟ್ ಅಥವಾ ಮೇಲಿದ್ದರೆ ಚಾರ್ಜ್ ತುಂಬಿದೆ. 12.4 ಇದ್ದರೆ ಮುಕ್ಕಾಲು. 12.2 ಅಂದರೆ ಅರ್ಧ. 12 ಅಂದರೆ ಬಹುತೇಕ ಖಾಲಿ. ಈಗ ಸೆಲ್ಫ್ ಹೊಡೆಯುತ್ತಾ ಮೀಟರ್ ನೋಡಿ. 9.6ಕ್ಕಿಂತ ಕೆಳಗೆ ಬಿದ್ದರೆ, ಅದೂ ಮೊದಲು 12.6 ತೋರಿಸಿದ್ದ ಬ್ಯಾಟರಿಯಲ್ಲಿ, ಬ್ಯಾಟರಿ ಹೋಗಿದೆ ಎಂದೇ ಲೆಕ್ಕ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರ್ (ಬ್ಯಾಟರಿ ಆಸಿಡ್‌ನ ಸಾಂದ್ರತೆ ಅಳೆಯುವ ಗಾಜಿನ ನಳಿಗೆ) ಇನ್ನೂ ನಿಜ ಹೇಳುತ್ತದೆ. ಆರು ಸೆಲ್‌ಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ 50 ಪಾಯಿಂಟ್ ಕೆಳಗಿದ್ದರೆ, ಅಂದರೆ ಐದು 1.240 ತೋರಿಸಿ ಒಂದು 1.190ಕ್ಕೆ ನಿಂತರೆ, ಆ ಸೆಲ್ ಸತ್ತಿದೆ. ಚಾರ್ಜ್ ಮಾಡಿ ಪ್ರಯೋಜನ ಇಲ್ಲ.

ಬ್ಯಾಟರಿ ಸರಿ ಇದ್ದೂ ಸೆಲ್ಫ್ ನಿಧಾನ ಅಂದರೆ ಕೇಬಲ್. ಇಲ್ಲೇ ಜನ ತುಂಬಾ ಮೋಸ ಹೋಗುವುದು. ನಮ್ಮ ಪಕ್ಕದ ತೋಟದವರು ಹೊಸ ಬ್ಯಾಟರಿ ಹಾಕಿದರು, ಸೆಲ್ಫ್ ಮೋಟಾರ್ ಬಿಚ್ಚಿಸಿ ಬ್ರಷ್ ಹಾಕಿಸಿದರು. ಆದರೂ ಬೆಳಗ್ಗೆ ಅದೇ ನರಳಾಟ. ಕೊನೆಗೆ ನೋಡಿದರೆ ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ತ್ ಕೇಬಲ್‌ನ ಬೋಲ್ಟ್ ಕೆಳಗೆ ಬಣ್ಣ, ತುಕ್ಕು, ಗೊಬ್ಬರದ ಪುಡಿ ಎಲ್ಲ ಸೇರಿ ಒಂದು ಪದರವೇ ಕೂತಿತ್ತು. ಬೋಲ್ಟ್ ಬಿಗಿಯಾಗಿಯೇ ಇತ್ತು, ಕೈಯಲ್ಲಿ ಅಲುಗಾಡಿಸಿದರೆ ಗೊತ್ತಾಗುವಂತಿರಲಿಲ್ಲ. ಲೋಹ ಕಾಣುವಂತೆ ಉಜ್ಜಿ ಹಾಕಿದ ಮೇಲೆ ಹಳೇ ಬ್ಯಾಟರಿಯಲ್ಲೇ ಸ್ಟಾರ್ಟ್ ಆಯಿತು.

ಇದನ್ನು ಬಿಚ್ಚದೇ ಕಂಡುಹಿಡಿಯುವ ದಾರಿ ಇದೆ. ಮೊದಲು ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ನಾಬ್ ಎಳೆದು ಹಿಡಿಯಿರಿ, ಅಥವಾ ಸ್ಟಾಪ್ ಸೊಲೆನಾಯ್ಡ್ (ಕರೆಂಟ್‌ನಿಂದ ಡೀಸೆಲ್ ಬಿಡುವ, ತಡೆಯುವ ಸ್ವಿಚ್) ವೈರ್ ಕಳಚಿ. ಕಳಚಿದರೆ ನಿಲ್ಲುವ ಬದಲು ಓಡುವ ರೀತಿಯ ಸೊಲೆನಾಯ್ಡ್ ಕೂಡ ಇದೆ, ಹಾಗಾಗಿ ಮ್ಯಾನ್ಯುವಲ್ ನೋಡಿಕೊಳ್ಳಿ. ಮೀಟರ್‌ನ ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೆ ಇಡಿ. ಕ್ಲ್ಯಾಂಪ್‌ಗಲ್ಲ, ಕಂಬಕ್ಕೇ. ಇನ್ನೊಂದು ಮೊನೆ ಸೆಲ್ಫ್ ಮೋಟಾರ್‌ನ ಬಾಡಿಗೆ. ಯಾರಾದರೂ ಸೆಲ್ಫ್ ಹೊಡೆಯಲಿ. ಮೀಟರ್ 0.3 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ದಾರಿಯಲ್ಲಿ ಎಲ್ಲೋ ಕರೆಂಟ್ ಸಿಕ್ಕಿಕೊಂಡಿದೆ. ಪಾಸಿಟಿವ್ ಕಡೆಯೂ ಹೀಗೇ, ಪಾಸಿಟಿವ್ ಕಂಬದಿಂದ ಸೆಲ್ಫ್‌ನ ದಪ್ಪ ಬೋಲ್ಟ್‌ವರೆಗೆ. ಅಲ್ಲಿ 0.5 ವೋಲ್ಟ್ ಮೀರಬಾರದು. ಎರಡೂ ಸರಿ, ಬ್ಯಾಟರಿಯೂ ಸರಿ, ಆದರೂ ನಿಧಾನ ಅಂದರೆ ಆಗ ಮಾತ್ರ ಸೆಲ್ಫ್ ಮೋಟಾರ್ ಬಿಚ್ಚಿ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು ಮತ್ತು ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಬಿಗಿದ ಮೇಲೆ ಗ್ರೀಸ್ ಸವರಿ. ಕಳಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಆಯಿಲ್ ಬಗ್ಗೆ ಒಂದು ಮಾತು. 15W-40 ಆಯಿಲ್ ನಮ್ಮ ಯಾವ ಜಿಲ್ಲೆಯ ಚಳಿಗೂ ಸಾಕು. ಆದರೆ ಎಂಜಿನ್ ಹಳೆಯದಾಗಿ ಹೊಗೆ ಕಾರುತ್ತಿದೆ ಅಂತ ಯಾರೋ ಹೇಳಿ 20W-50 ಅಥವಾ ಅದಕ್ಕೂ ದಪ್ಪದ ಆಯಿಲ್ ಹಾಕಿಸಿಕೊಂಡಿದ್ದರೆ, ಬೆಳಗ್ಗೆ ಸೆಲ್ಫ್ ಅದಕ್ಕೆ ಬೆಲೆ ತೆರುತ್ತದೆ. ಕ್ಲಚ್ ತುಳಿದು ಸೆಲ್ಫ್ ಹೊಡೆಯುವುದೂ ಇದೇ ಕಾರಣಕ್ಕೆ ಒಳ್ಳೆಯದು. ಗೇರ್‌ಬಾಕ್ಸ್‌ನ ದಪ್ಪ ಎಣ್ಣೆಯನ್ನು ಕಡೆಯುವ ಕೆಲಸ ಸೆಲ್ಫ್‌ಗೆ ತಪ್ಪುತ್ತದೆ.

ಒಮ್ಮೆಗೆ 10 ಸೆಕೆಂಡ್‌ಗಿಂತ ಜಾಸ್ತಿ ಸೆಲ್ಫ್ ಒತ್ತಿ ಹಿಡಿಯಬೇಡಿ. ನಡುವೆ ಒಂದೆರಡು ನಿಮಿಷ ಬಿಡಿ. ಒಂದೇ ಸಮ ಒತ್ತಿದರೆ ಬ್ಯಾಟರಿ ಖಾಲಿಯಾಗುವುದಲ್ಲದೆ ಸೆಲ್ಫ್ ಕಾಯಿಲ್ ಸುಡುತ್ತದೆ.

ಚೆನ್ನಾಗಿ ತಿರುಗುತ್ತದೆ, ಬಿಳಿ ಹೊಗೆ ಬರುತ್ತದೆ

ಬಿಳಿ ಹೊಗೆ ಅಂದರೆ ಅರ್ಧ ಸಮಾಧಾನ. ಡೀಸೆಲ್ ಸಿಲಿಂಡರ್‌ವರೆಗೂ ಬರುತ್ತಿದೆ, ಉರಿಯುತ್ತಿಲ್ಲ ಅಷ್ಟೆ. ಪಂಪ್, ಫಿಲ್ಟರ್, ಪೈಪ್ ಯಾವುದನ್ನೂ ಸದ್ಯಕ್ಕೆ ಮುಟ್ಟಬೇಡಿ. ಕಾವು ಸಾಲದು. ಪ್ರೀ-ಚೇಂಬರ್ ಎಂಜಿನ್ ಆದರೆ ಹತ್ತರಲ್ಲಿ ಎಂಟು ಸಲ ಹೀಟರ್ ಪ್ಲಗ್ ಕಡೆಯದೇ ತೊಂದರೆ ಎಂದು ನಾನು ಮೊದಲು ಅಲ್ಲಿಗೇ ಹೋಗುತ್ತೇನೆ.

ಮೊದಲು ಅಭ್ಯಾಸ ನೋಡಿ. ಗಾಡಿ ಹೊಡೆಯುವವರು ಕಾರಿನಂತೆ ಕೀ ಒಂದೇ ಏಟಿಗೆ ಪೂರ್ತಿ ತಿರುಗಿಸುತ್ತಿದ್ದಾರಾ? ಎಷ್ಟೋ ಮಾಡೆಲ್‌ಗಳಲ್ಲಿ ಕೀಯನ್ನು ಹೀಟ್ ಸ್ಥಾನದಲ್ಲಿ ಕೈಯಿಂದ ಹಿಡಿದೇ ಇರಬೇಕು, ಕೆಲವದರಲ್ಲಿ ಎಡಕ್ಕೆ ತಿರುಗಿಸಬೇಕು. ನಮ್ಮ ಚಳಿಗೆ 5ರಿಂದ 10 ಸೆಕೆಂಡ್ ಸಾಕು. ಹಿಡಿದು, ಬಿಡದೆ ತಕ್ಷಣ ಸೆಲ್ಫ್‌ಗೆ ಹೋಗಬೇಕು. ಹ್ಯಾಂಡ್ ಥ್ರಾಟಲ್ ಅರ್ಧದಷ್ಟು ಮುಂದೆ. ಹೀಟರ್ ಹಾಕಿ, ಇಳಿದು ಗೇಟ್ ತೆಗೆದು ಬಂದು ಸೆಲ್ಫ್ ಹೊಡೆದರೆ ಕಾದದ್ದು ಆರಿಹೋಗಿರುತ್ತದೆ.

ಡ್ಯಾಶ್‌ಬೋರ್ಡ್‌ನಲ್ಲಿ ಸುರುಳಿ ಚಿತ್ರದ ದೀಪ ಹತ್ತಿದೆ, ಹಾಗಾಗಿ ಹೀಟರ್ ಸರಿ ಇದೆ ಅಂತ ನಂಬಬೇಡಿ. ಹೆಚ್ಚಿನ ಗಾಡಿಗಳಲ್ಲಿ ಆ ದೀಪ ಟೈಮರ್‌ನ ಲೆಕ್ಕ ಮಾತ್ರ. ಪ್ಲಗ್ ಮೂರೂ ಸತ್ತಿದ್ದರೂ ಅದು ಹತ್ತಿ ಆರುತ್ತದೆ. ಮೀಟರ್ ಇಲ್ಲದವರಿಗೆ ಒಂದು ಒರಟು ಪರೀಕ್ಷೆ: ಹೆಡ್‌ಲೈಟ್ ಹಾಕಿ ಕೀಯನ್ನು ಹೀಟ್‌ಗೆ ತಿರುಗಿಸಿ. ಲೈಟ್ ಕಣ್ಣಿಗೆ ಕಾಣುವಷ್ಟು ಮಂಕಾಗಬೇಕು. ಒಂದೊಂದು ಪ್ಲಗ್ 8ರಿಂದ 10 ಆಂಪ್ ಎಳೆಯುತ್ತದೆ, ಮೂರಕ್ಕೆ 25-30 ಆಂಪ್. ಅಷ್ಟು ಎಳೆದರೆ ಲೈಟ್ ಮಂಕಾಗದೇ ಇರದು. ಲೈಟ್ ಸ್ವಲ್ಪವೂ ಕದಲದಿದ್ದರೆ ಪ್ಲಗ್‌ಗೆ ಕರೆಂಟೇ ಹೋಗುತ್ತಿಲ್ಲ.

ಈಗ ಮೀಟರ್. ಎಂಜಿನ್ ಹೆಡ್ ಪಕ್ಕದಲ್ಲಿ ಮೂರೂ ಪ್ಲಗ್‌ಗಳ ತಲೆಗಳನ್ನು ಸೇರಿಸುವ ಒಂದು ಪಟ್ಟಿ ಇರುತ್ತದೆ. ಕೀ ಹೀಟ್‌ನಲ್ಲಿದ್ದಾಗ ಆ ಪಟ್ಟಿ ಮತ್ತು ಎಂಜಿನ್ ಬಾಡಿ ನಡುವೆ ಅಳೆಯಿರಿ. ಸೊನ್ನೆ ಬಂದರೆ ಫ್ಯೂಸ್, ರಿಲೇ, ಕೀ ಸ್ವಿಚ್ ಈ ಮೂರರಲ್ಲಿ ಒಂದು. ತೋಟದ ಇಲಿಗಳು ವೈರ್ ಕಡಿದಿರುವುದೂ ಉಂಟು. 11 ವೋಲ್ಟ್ ಆಸುಪಾಸು ಬಂದರೆ ಕರೆಂಟ್ ಬರುತ್ತಿದೆ, ಪ್ಲಗ್ ಪರೀಕ್ಷಿಸಬೇಕು.

ಪಟ್ಟಿ ಕಳಚಲೇಬೇಕು. ಕಳಚದೆ ಅಳೆದರೆ ಮೂರೂ ಒಟ್ಟಾಗಿ ಓದುತ್ತವೆ, ಸತ್ತದ್ದು ಬದುಕಿದ್ದರ ಹಿಂದೆ ಅಡಗಿಕೊಳ್ಳುತ್ತದೆ. ಕಳಚಿದ ಮೇಲೆ ಒಂದೊಂದರ ತಲೆಯಿಂದ ಎಂಜಿನ್ ಬಾಡಿಗೆ ಓಮ್ಸ್ ನೋಡಿ. ಒಳ್ಳೆಯ ಪ್ಲಗ್ ಸುಮಾರು 1 ಓಮ್ ತೋರಿಸುತ್ತದೆ. ಅಗ್ಗದ ಮೀಟರ್‌ನ ವೈರ್‌ಗಳದ್ದೇ ಅರ್ಧ ಓಮ್ ಇರುತ್ತದೆ, ಅದನ್ನು ಎರಡು ಮೊನೆ ಮುಟ್ಟಿಸಿ ನೋಡಿ ಕಳೆದುಕೊಳ್ಳಿ. ಸತ್ತ ಪ್ಲಗ್ ಏನೂ ತೋರಿಸುವುದಿಲ್ಲ. ಮೀಟರ್ ಬದಲು 12 ವೋಲ್ಟ್ ಟೆಸ್ಟ್ ಬಲ್ಬ್ ಇದ್ದರೂ ಆಗುತ್ತದೆ. ಅದರ ಒಂದು ತುದಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಪ್ಲಗ್ ತಲೆಗೆ. ಬಲ್ಬ್ ಜೋರಾಗಿ ಹತ್ತಿದರೆ ಪ್ಲಗ್ ಬದುಕಿದೆ.

ಮೂರರಲ್ಲಿ ಒಂದು ಸತ್ತಿದ್ದರೆ ಅದಕ್ಕೆ ಬೇರೆಯದೇ ಲಕ್ಷಣ. ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಎರಡೇ ಸಿಲಿಂಡರ್‌ನಲ್ಲಿ ನಡುಗುತ್ತಾ ಓಡುತ್ತದೆ. ಬಿಳಿ ಹೊಗೆ ಬುಸುಬುಸು ಬರುತ್ತದೆ. ಅರ್ಧ ನಿಮಿಷ ಕಳೆದರೆ ತಾನಾಗಿ ನಯವಾಗುತ್ತದೆ. "ಬೆಳಗ್ಗೆ ಹಾಗೆ ಮಾಡುತ್ತೆ, ಆಮೇಲೆ ಸರಿ ಹೋಗುತ್ತೆ" ಅಂತ ಜನ ವರ್ಷಗಟ್ಟಲೆ ಹೀಗೇ ಓಡಿಸುತ್ತಾರೆ. ಎರಡನೆಯ ಪ್ಲಗ್ ಸತ್ತ ದಿನ ಗಾಡಿ ನಿಲ್ಲುತ್ತದೆ, ಅದು ಚಳಿಗಾಲದಲ್ಲೇ ಆಗಿರುತ್ತದೆ. ಒಂದು ಹೋದರೆ ಮೂರನ್ನೂ ಬದಲಿಸುವುದು ಲೇಸು.

ಪ್ಲಗ್ ಬಿಚ್ಚುವುದು ಎಂಜಿನ್ ಬೆಚ್ಚಗಿದ್ದಾಗ. ಮಸಿ ಹಿಡಿದು ಕಚ್ಚಿಕೊಂಡಿರುತ್ತದೆ. ತಣ್ಣಗಿದ್ದಾಗ ಬಲ ಹಾಕಿದರೆ ತುಂಡಾಗಿ ತುದಿ ಹೆಡ್‌ನಲ್ಲೇ ಉಳಿಯುತ್ತದೆ. ಆಮೇಲೆ ಹೆಡ್ ಇಳಿಸುವ ಖರ್ಚು. ಹಿಂದಿನ ಸಂಜೆಯೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಹೊಸದು ಕೊಳ್ಳುವಾಗ ಮೇಲೆ ಬರೆದ ವೋಲ್ಟ್ ಓದಿ. ನೋಡಲು ಒಂದೇ ಥರ ಇದ್ದರೂ ಕಡಿಮೆ ವೋಲ್ಟ್‌ನ ಪ್ಲಗ್ ಹಾಕಿದರೆ ತುದಿ ಊದಿ, ಬಿರಿದು ಎಂಜಿನ್ ಒಳಗೇ ಬೀಳಬಹುದು.

ಚೆನ್ನಾಗಿ ತಿರುಗುತ್ತದೆ, ಹೊಗೆಯೇ ಇಲ್ಲ

ಹೊಗೆ ಇಲ್ಲದಿದ್ದರೆ ಡೀಸೆಲ್ ಬಂದಿಲ್ಲ. ಹೀಟರ್ ಬಗ್ಗೆ ಈಗ ಯೋಚನೆ ಬೇಡ.

ಸ್ಟಾಪ್ ನಾಬ್ ಪೂರ್ತಿ ಒಳಗಿದೆಯಾ, ಡೀಸೆಲ್ ಕಾಕ್ ತೆರೆದಿದೆಯಾ ನೋಡಿ. ಆಮೇಲೆ ಕಿವಿ ಕೊಡಿ. ಕೀ ಆನ್ ಮಾಡಿದಾಗ ಪಂಪ್ ಪಕ್ಕದ ಸೊಲೆನಾಯ್ಡ್ 'ಟಕ್' ಅನ್ನಬೇಕು. ಎಲೆಕ್ಟ್ರಿಕ್ ಫೀಡ್ ಪಂಪ್ ಇದ್ದರೆ 'ಟಕಟಕ' ಅಂತ ಕೇಳಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಬ್ಯಾಟರಿ ಸೊರಗಿದ್ದರೆ ಸೆಲ್ಫ್ ಹೇಗೋ ತಿರುಗುತ್ತದೆ, ಆದರೆ ಆ ಹೊತ್ತಿನಲ್ಲಿ ವೋಲ್ಟ್ ಬಿದ್ದು ಸೊಲೆನಾಯ್ಡ್ ಎಳೆದುಕೊಳ್ಳುವುದಿಲ್ಲ. ಡೀಸೆಲ್ ಬಂದ್ ಆಗಿಯೇ ಇರುತ್ತದೆ. ಹೊರಗಿನಿಂದ ನೋಡಿದರೆ ಪಂಪ್ ಕೆಟ್ಟಂತೆ ಕಾಣುತ್ತದೆ. ಪಂಪ್ ಬಿಚ್ಚಿ ಸರ್ವಿಸ್ ಅಂಗಡಿಗೆ ಒಯ್ಯುವ ಮೊದಲು ಬೇರೆ ಬ್ಯಾಟರಿಯಿಂದ ಜಂಪರ್ ಕೊಟ್ಟು ಒಮ್ಮೆ ನೋಡಿ.

ಬೆಳಗ್ಗೆ ಮಾತ್ರ ಡೀಸೆಲ್ ಬರುವುದಿಲ್ಲ, ಏರ್ ತೆಗೆದರೆ ದಿನವಿಡೀ ಸರಿ ಓಡುತ್ತದೆ ಅಂದರೆ ರಾತ್ರಿ ಎಲ್ಲೋ ಏರ್ ಒಳಗೆ ಸೇರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿದೆ. ರಬ್ಬರ್ ಹೋಸ್ ಚಳಿಗೆ ಬಿರುಸಾಗುತ್ತದೆ, ಕ್ಲಿಪ್ ಕೆಳಗೆ ಸಣ್ಣ ಬಿರುಕು ಬಾಯಿ ಬಿಡುತ್ತದೆ. "ಎಲ್ಲೂ ತೊಟ್ಟಿಕ್ಕುತ್ತಿಲ್ಲ, ಹಾಗಾಗಿ ಲೀಕ್ ಇಲ್ಲ" ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ದಾರಿಯಲ್ಲಿ ಡೀಸೆಲ್ ಹೀರಲ್ಪಡುತ್ತದೆ. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಫಿಲ್ಟರ್ ಮತ್ತು ಪಂಪ್ ನಡುವೆ ತಾತ್ಕಾಲಿಕವಾಗಿ ಒಂದು ಪಾರದರ್ಶಕ ಡೀಸೆಲ್ ಹೋಸ್ ಹಾಕಿ ನೋಡಿ, ಗುಳ್ಳೆ ಕಣ್ಣಿಗೇ ಕಾಣುತ್ತದೆ. ಹೋಸ್, ಫಿಲ್ಟರ್ ಬೌಲ್‌ನ ಓ-ರಿಂಗ್, ಬಾಂಜೋ ಬೋಲ್ಟ್‌ನ (ಪೈಪ್ ಜೋಡಿಸುವ ತೂತಿರುವ ಬೋಲ್ಟ್) ತಾಮ್ರದ ವಾಷರ್, ಈ ಮೂರು ಬದಲಿಸಿದರೆ ಸಾಮಾನ್ಯವಾಗಿ ಮುಗಿಯುತ್ತದೆ.

ಏರ್ ತೆಗೆಯುವುದು ಟ್ಯಾಂಕ್ ಕಡೆಯಿಂದ ಎಂಜಿನ್ ಕಡೆಗೆ, ಕ್ರಮವಾಗಿ. ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತಿ ಅಥವಾ ಕೀ ಆನ್ ಮಾಡಿ, ಗುಳ್ಳೆ ನಿಂತು ಶುದ್ಧ ಡೀಸೆಲ್ ಬಂದಾಗ ಬಿಗಿಯಿರಿ. ಆಮೇಲೆ ಪಂಪ್‌ನ ಸ್ಕ್ರೂ. ಕೊನೆಗೆ ಬೇಕಿದ್ದರೆ ನಾಝಲ್ ಪೈಪ್‌ಗಳ ನಟ್ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಇಲ್ಲಿ ಮಾತ್ರ ಹುಷಾರು. ಪ್ರೀ-ಚೇಂಬರ್ ಎಂಜಿನ್‌ನ ನಾಝಲ್ ತೆರೆಯುವ ಒತ್ತಡವೇ ಚದರ ಸೆಂಟಿಮೀಟರ್‌ಗೆ ಸುಮಾರು 140 ಕೆಜಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಬೆರಳಿಟ್ಟು ನೋಡಬೇಡಿ, ಕನ್ನಡಕ ಹಾಕಿ. ಚುಚ್ಚಿದರೆ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಹಾಗಾದರೆ ಡೀಸೆಲ್ ಗಟ್ಟಿಯಾಗುವುದೇ ಇಲ್ವಾ?

ಆಗುತ್ತದೆ, ಆದರೆ ನಮ್ಮಲ್ಲಿ ಅಪರೂಪ. ಡೀಸೆಲ್‌ನಲ್ಲಿ ಮೇಣದ ಅಂಶ ಇದೆ. ತಣ್ಣಗಾದಂತೆ ಅದು ಮೊದಲು ಮಂಜಿನಂತೆ ಕಾಣಿಸಿಕೊಂಡು, ಆಮೇಲೆ ಫಿಲ್ಟರ್ ಕಟ್ಟುತ್ತದೆ. ಡೀಸೆಲ್‌ಗೆ ಇರುವ ಭಾರತೀಯ ಮಾನಕ ಐಎಸ್ 1460ರ ಪ್ರಕಾರ ನವೆಂಬರ್‌ನಿಂದ ಫೆಬ್ರವರಿವರೆಗಿನ ಡೀಸೆಲ್ 6 ಡಿಗ್ರಿಯವರೆಗೂ ಫಿಲ್ಟರ್ ದಾಟಬೇಕು. ಬೇಸಿಗೆಯ ಡೀಸೆಲ್‌ಗೆ ಈ ಮಿತಿ 18 ಡಿಗ್ರಿ. ಪೂರ್ತಿ ಹರಿಯದಾಗುವ ಮಿತಿ ಚಳಿಗಾಲಕ್ಕೆ 3, ಬೇಸಿಗೆಗೆ 15. ಬಂಕ್‌ನ ಡೀಸೆಲ್ ಸಾಮಾನ್ಯವಾಗಿ ಈ ಮಿತಿಗಿಂತ ಒಳ್ಳೆಯದೇ ಇರುತ್ತದೆ. ಆದರೂ ಮೇ ತಿಂಗಳಲ್ಲಿ ಡ್ರಮ್‌ನಲ್ಲಿ ತುಂಬಿಟ್ಟ ಡೀಸೆಲನ್ನು ಜನವರಿಯಲ್ಲಿ ಬೀದರ್‌ನ ಚಳಿಗೆ ಬಳಸಿದರೆ ತೊಂದರೆ ಆಗಬಹುದು. ಲಡಾಖ್‌ನಂಥ ಕಡೆ ಕತೆಯೇ ಬೇರೆ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯುವ ಡೀಸೆಲ್ ತಂದಿತು.

ನನಗೆ ಇದಕ್ಕಿಂತ ಜಾಸ್ತಿ ಅನುಮಾನ ಬರುವುದು ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಗುವ 'ಬಯೋಡೀಸೆಲ್' ಮೇಲೆ. ತಾಳೆ ಎಣ್ಣೆಯಿಂದ ಅಥವಾ ಪ್ರಾಣಿ ಕೊಬ್ಬಿನಿಂದ ಮಾಡಿದ ಬಯೋಡೀಸೆಲ್ 13-15 ಡಿಗ್ರಿಯಲ್ಲೇ ಮಬ್ಬಾಗಲು ಶುರುವಾಗುತ್ತದೆ. ಅಂದರೆ ಚಿಕ್ಕಮಗಳೂರಿನ ಸಾಮಾನ್ಯ ಚಳಿ ಸಾಕು.

ಪರೀಕ್ಷೆ ಸುಲಭ. ಟ್ಯಾಂಕ್‌ನ ಡೀಸೆಲ್ ಸ್ವಲ್ಪ ಗಾಜಿನ ಬಾಟಲಿಯಲ್ಲಿ ಹಿಡಿದು ಟ್ರ್ಯಾಕ್ಟರ್ ಪಕ್ಕದಲ್ಲೇ ರಾತ್ರಿ ಇಡಿ. ಬೆಳಗ್ಗೆ ತಿಳಿಯಾಗಿದ್ದರೆ ಡೀಸೆಲ್ ತಪ್ಪಿಲ್ಲ. ಮಬ್ಬಾಗಿದ್ದು ಬಿಸಿಲಿಗಿಟ್ಟಾಗ ತಿಳಿಯಾದರೆ ಮೇಣ. ತಳದಲ್ಲಿ ಬೇರೆಯಾಗಿ ಗುಂಡುಗುಂಡಾಗಿ ನಿಂತರೆ ನೀರು. ಮಲೆನಾಡಿನಲ್ಲಿ ನೀರೇ ಜಾಸ್ತಿ. ಅರ್ಧ ಖಾಲಿ ಟ್ಯಾಂಕ್‌ನಲ್ಲಿ ರಾತ್ರಿ ಗಾಳಿಯ ತೇವ ಬೆವರಿ ಕೆಳಗಿಳಿಯುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿ ನಿಲ್ಲಿಸಿದರೆ ಬೆವರಲು ಜಾಗವೇ ಇರುವುದಿಲ್ಲ. ಫಿಲ್ಟರ್ ಬೌಲ್‌ನ ನೀರನ್ನು ಆಗಾಗ ಬಿಡಿ.

ಮಾಡಬಾರದ ಉಪಾಯಗಳು

ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು. ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ಇದು ಅಪಾಯ. ಕೆಂಪಗೆ ಕಾದ ಪ್ಲಗ್‌ಗೆ ಆ ಆವಿ ತಗುಲಿದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸ್ಫೋಟಿಸಿ ಪಿಸ್ಟನ್ ಒಡೆಯಬಹುದು, ರಾಡ್ ಬಾಗಬಹುದು, ಬೆಂಕಿ ಇನ್‌ಟೇಕ್‌ನಿಂದ ಮುಖಕ್ಕೇ ಬರಬಹುದು. ಆಯಿಲ್ ಸಂಪ್ ಕೆಳಗೆ ತೆಂಗಿನ ಗರಿ ಹಚ್ಚಿ ಕಾಯಿಸುವುದೂ ಇದೆ. ಹಳೇ ಕಬ್ಬಿಣದ ಟ್ರ್ಯಾಕ್ಟರ್‌ನಲ್ಲಿ ನಡೆಯುತ್ತಿತ್ತೇನೋ, ಈಗಿನ ಗಾಡಿಗಳಲ್ಲಿ ಪ್ಲಾಸ್ಟಿಕ್ ಟ್ಯಾಂಕ್, ರಬ್ಬರ್ ಹೋಸ್, ವೈರ್ ಎಲ್ಲ ಅಲ್ಲೇ ಇರುತ್ತವೆ. ತಣ್ಣಗಿನ ಡೀಸೆಲ್ ಪಂಪ್ ಮೇಲೆ ಕುದಿವ ನೀರು ಸುರಿಯಬೇಡಿ, ಒಳಗಿನ ಬಿಗಿ ಭಾಗಗಳು ಕಚ್ಚಿಕೊಳ್ಳಬಹುದು.

ಇನ್ನೊಂದು ಗಾಡಿಯಿಂದ ಎಳೆಸಿ ಸ್ಟಾರ್ಟ್ ಮಾಡುವುದು ಹೈಡ್ರೋಸ್ಟ್ಯಾಟಿಕ್ ಟ್ರ್ಯಾಕ್ಟರ್‌ನಲ್ಲಿ ಆಗುವುದೇ ಇಲ್ಲ, ಎಳೆದರೆ ಹಾನಿ. ಗೇರ್ ಗಾಡಿಯಲ್ಲಿ ಆಗುತ್ತದೆ, ಆದರೆ ಹಗ್ಗ ಹರಿದು ಅನಾಹುತ ಆಗುವ ಕೆಲಸ ಅದು. ಜಂಪರ್ ಕೇಬಲ್ ಎಷ್ಟೋ ವಾಸಿ.

ಕೊನೆಗೆ ಉಳಿಯುವುದು ಕಂಪ್ರೆಷನ್

ಸೆಲ್ಫ್ ಜೋರಾಗಿ ತಿರುಗುತ್ತದೆ, ಮೂರೂ ಹೀಟರ್ ಕಾಯುತ್ತವೆ, ಏರ್ ಇಲ್ಲ, ಡೀಸೆಲ್ ಶುದ್ಧ. ಆದರೂ ಬಿಳಿ ಹೊಗೆ, ಆದರೂ ಏಳುವುದಿಲ್ಲ. ಆಗ ನಾಝಲ್ ಪರೀಕ್ಷೆ ಮಾಡಿಸಿ. ಸಿಂಪಡಿಸುವ ಬದಲು ತೊಟ್ಟಿಕ್ಕುವ ನಾಝಲ್ ಚಳಿಯಲ್ಲಿ ಹೀಗೇ ಕಾಡುತ್ತದೆ. ಅದೂ ಸರಿ ಇದ್ದರೆ ಕಂಪ್ರೆಷನ್ ಇಳಿದಿದೆ. ಓಡುವಾಗ ಬ್ರೀದರ್ ಪೈಪ್‌ನಿಂದ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪ್) ಹೊಗೆ ಪುಸುಗುಟ್ಟುವುದು, ಆಯಿಲ್ ಬೇಗ ಕಡಿಮೆಯಾಗುವುದು ಇದಕ್ಕೆ ಸಾಕ್ಷಿ. ಧೂಳು ಕಟ್ಟಿದ ಏರ್ ಫಿಲ್ಟರ್, ಹರಿದ ಇನ್‌ಟೇಕ್ ಹೋಸ್ ಇವೆರಡನ್ನು ಮೊದಲು ನೋಡಿ. ಹರಿದ ಹೋಸ್‌ನಿಂದ ಧೂಳು ನೇರ ಒಳಗೆ ಹೋಗಿಯೇ ರಿಂಗ್, ಲೈನರ್ ಸವೆದಿರುವುದು ಜಾಸ್ತಿ. ವಾಲ್ವ್ ತೆರೆಯುವ ಟ್ಯಾಪೆಟ್ ತೀರಾ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೂ ಕಂಪ್ರೆಷನ್ ಹೋಗುತ್ತದೆ. ಅದನ್ನು ಸರಿಮಾಡುವುದು ಅರ್ಧ ದಿನದ ಕೆಲಸ, ರಿಂಗ್ ಬದಲಿಸುವುದಕ್ಕೆ ಹೋಲಿಸಿದರೆ ಖರ್ಚೇ ಅಲ್ಲ.

ಮೆಕ್ಯಾನಿಕ್ ಹತ್ತಿರ ಹೋದಾಗ "ಎಂಜಿನ್ ಬಿಚ್ಚಬೇಕು" ಅನ್ನುವ ಮಾತಿಗೆ ಮೊದಲು ಗೇಜ್ ಹಾಕಿಸಿ. ಹೀಟರ್ ಪ್ಲಗ್ ತೂತಿಗೇ ಅಡಾಪ್ಟರ್ ಹಾಕಿ ಡೀಸೆಲ್ ಕಂಪ್ರೆಷನ್ ಗೇಜ್ ಜೋಡಿಸುತ್ತಾರೆ. ಪೆಟ್ರೋಲ್ ಗಾಡಿಯ ಗೇಜ್ ಈ ಒತ್ತಡ ತಡೆಯದು. ಬ್ಯಾಟರಿ ತುಂಬಿರಬೇಕು, ಎಂಜಿನ್ ಬೆಚ್ಚಗಿರಬೇಕು, ಡೀಸೆಲ್ ಬಂದ್ ಇರಬೇಕು. ಇಂಥ ಸಣ್ಣ ಪ್ರೀ-ಚೇಂಬರ್ ಎಂಜಿನ್‌ಗಳಲ್ಲಿ ಒಳ್ಳೆಯ ಸಿಲಿಂಡರ್ 400 ಪಿಎಸ್‌ಐ (ಒತ್ತಡದ ಅಳತೆ) ಮೇಲೆ ತೋರಿಸುತ್ತದೆ. ನಿಮ್ಮ ಮಾಡೆಲ್‌ನ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುವಲ್‌ನಲ್ಲಿದೆ. ಮೂರು ಸಿಲಿಂಡರ್‌ನ ಅಂಕಿಗಳನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಮೂರೂ ಸಮನಾಗಿ ಇಳಿದಿದ್ದರೆ ಎಂಜಿನ್ ಒಟ್ಟಾರೆ ಸವೆದಿದೆ. ಒಂದು ಮಾತ್ರ ಇಳಿದಿದ್ದರೆ ಅದರ ವಾಲ್ವ್ ಮತ್ತು ಹೆಡ್ ಗ್ಯಾಸ್ಕೆಟ್ ನೋಡಿದ ಮೇಲೆಯೇ ಪಿಸ್ಟನ್ ಕಡೆ ಹೋಗಲು ಹೇಳಿ.